ಆಡೂರಿಗೆ ಮುಟ್ಟದ ಮಾತು

ಮಾಸ್ತರೇ, ಶಿವಾನಂದ ಸಾಹೇಬರು ನಿಮಗೆ ಹೇಳಿ ಕಳಿಸಿದ್ದ ಮಾತನ್ನು ನಾನು ನಿಮಗೆ ಹೇಳಲೇ ಇಲ್ಲ. ಹೇಳಿದ್ದೇನೆಂದು ಎಲ್ಲರ ಮುಂದೆ ಸುಳ್ಳು ಹೇಳಿದೆ. ನೀವು ಮರೆತಿರಿ ಎಂದು ಸಾಹೇಬರು ನಂಬಿದರು, ನಿಮ್ಮ ಮನೆಯವರು ನಂಬಿದರು, ಕೊನೆಗೆ ನೀವೂ ನಂಬಿದಿರಿ. ಮರೆಯಬೇಕಾದರೆ ಆ ಮಾತು ಮೊದಲು ನಿಮ್ಮ ಕಿವಿಗೆ ಬಿದ್ದಿರಬೇಕಲ್ಲ — ಬಿದ್ದಿರಲಿಲ್ಲ.

ಇದನ್ನು ಬಾಯಿಂದ ಹೇಳಬೇಕೆಂದು ಮೂರು ಸಲ ನಿಮ್ಮೂರು ಆಡೂರಿಗೆ ಬಂದೆ. ಮೂರು ಸಲವೂ ಚಹಾ ಕುಡಿದು, ಮಳೆ-ಬೆಳೆ ಮಾತಾಡಿ ಎದ್ದು ಹೋದೆ. ಮೇಲಾಗಿ ನೀವು ಈಗ ಬಾಯಿಮಾತನ್ನು ನಂಬುವುದಿಲ್ಲ. ಯಾರು ಏನು ಹೇಳಿದರೂ ನೋಟಬುಕ್ಕಿನಲ್ಲಿ ಬರೆದುಕೊಳ್ಳುತ್ತೀರಿ, ಅವರಿಗೇ ಓದಿ ತೋರಿಸಿ ‘ಹಿಂಗs ಅಂದ್ರಲ್ಲ?’ ಎಂದು ಕೇಳುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಎಷ್ಟು ಸಲ ಬೇಕಾದರೂ ತೆಗೆದು ಓದಬಹುದು.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ಸಾಹೇಬರಿಗೆ ನಾನು ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಇದೆ ಎಂದು ಬರೆದರೆ ನೀವು ಸಂತೋಷಪಡುತ್ತೀರಿ, ಆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅವರನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಯಾಕೆ ಎಂಬುದು ನಿಮಗೆ ಗೊತ್ತಿಲ್ಲ, ಯಾರಿಗೂ ಹೇಳಿಲ್ಲ.

ನಾವಿಬ್ಬರೂ ನಿಮ್ಮ ಶಿಷ್ಯರೇ. ಹಂಸಭಾವಿಯಲ್ಲಿ ಅವರಿಗೆ ಕಲಿಸಿದಿರಿ, ವರ್ಗವಾಗಿ ಸವಣೂರಿಗೆ ಬಂದ ಮೇಲೆ ನನಗೆ. ಅವರು ಜವಳಿ ಎಂಜಿನಿಯರ್ ಆದರು. ನಾನು ಹತ್ತನೇ ಇಯತ್ತೆ ಮುಗಿಸಿ ಅಪ್ಪನ ಗಾದಿ ಅಂಗಡಿಯಲ್ಲಿ ಹತ್ತಿ ಹಿಂಜಲು ಕುಳಿತೆ. ಅವರು ಶಿಗ್ಗಾಂವದಲ್ಲಿ ಹೈವೇ ಪಕ್ಕಕ್ಕೆ ಶೆಡ್ ಹಾಕಿ, ಮೆಣಸಿನಕಾಯಿ ಗಿರಣಿಗಳ ಧೂಳು ಸೋಸುವ ಬಟ್ಟೆ ಮಾಡುತ್ತೇನೆಂದು ಹೊರಟಾಗ ನನ್ನನ್ನು ಅಲ್ಲಿ ಕೆಲಸಕ್ಕೆ ಹಚ್ಚಿದವರು ನೀವೇ. ‘ಇಮಾಮ ನಂಬಿಗಸ್ತ ಹುಡುಗ’ ಎಂದು ಹೇಳಿದ್ದಿರಂತೆ. ಸಾಹೇಬರು ಅದನ್ನು ಆಗಾಗ ನೆನಪಿಸುತ್ತಿದ್ದರು.

ಪುಂಡಿ ಗಿಡದ ನಾರಿನಲ್ಲಿ ಆ ಬಟ್ಟೆ ಮಾಡಬೇಕೆಂಬುದು ಅವರ ಹಟ. ಎರಡು ವರ್ಷ ಒದ್ದಾಡಿದರು. ಸಡಿಲ ಮಾಡಿದರೆ ಖಾರದ ಧೂಳು ಪಾರಾಗಿ ಹೋಗುತ್ತಿತ್ತು, ಬಿಗಿ ಮಾಡಿದರೆ ಗಾಳಿಯೇ ಕಟ್ಟಿಕೊಳ್ಳುತ್ತಿತ್ತು. ಒಮ್ಮೆ ನನ್ನನ್ನು ಬಿಡಲು ಸವಣೂರಿಗೆ ಬಂದವರು, ಅಪ್ಪ ಗಾದಿಗೆ ಹತ್ತಿ ಹಾಸುವುದನ್ನು ನೋಡುತ್ತ ನಿಂತುಬಿಟ್ಟರು. ಅಪ್ಪ ಹತ್ತಿ ತುರುಕುವವನಲ್ಲ. ಪದರು ಪದರಾಗಿ ಹಾಸುವವನು. ತಲೆ ಎತ್ತದೆಯೇ ಹೇಳಿದ: “ಉದ್ದ ಎಳಿ ಕೆಳಗ, ಗಿಡ್ಡ ಎಳಿ ಮ್ಯಾಲ. ಒಂದು ಪದರು ಉದ್ದ, ಒಂದು ಅಡ್ಡ ಹಾಸಬೇಕ್ರಿ ಸಾಹೇಬ್ರ. ಅಂದ್ರ ಧೂಳು ಒಳಗ ಬಂದು ದಾರಿ ತಪ್ಪಿ ಅಲ್ಲೇ ಕುಂದರ್ತೈತಿ, ಗಾಳಿ ಹೊರಗ ಹೋಗ್ತೈತಿ.”

ಆಮೇಲೆ ಸಾಹೇಬರು ತಿಂಗಳುಗಟ್ಟಲೆ ಬಂದರು. ಚಾಪೆಯ ಮೇಲೆ ಅಪ್ಪನ ಎದುರು ಕುಳಿತು ಬರೆದುಕೊಂಡರು. ಬಟ್ಟೆ ಗೆದ್ದಿತು. ಪೇಟೆಂಟಿಗೆ ಅರ್ಜಿ ಹಾಕುವ ದಿನ ಅಂಗಡಿಗೆ ಬಂದು ಅಪ್ಪನ ಕೈ ಹಿಡಿದು, “ಕಾಕಾ, ಅದರಾಗ ನಿಮ್ಮ ಹೆಸರೂ ಹಾಕಿಸ್ತೇನಿ” ಎಂದರು. ಅಪ್ಪ ಕೇಳಿರಲಿಲ್ಲ. ತಾವಾಗಿಯೇ ಅಂದರು — ಅದನ್ನು ನೀವು ಗಮನಿಸಬೇಕು.

ಪೇಟೆಂಟ್ ಬಂತು. ಶೆಡ್ಡಿನಲ್ಲಿ ಪೇಢೆ ಹಂಚಿದರು. ನನ್ನ ಕೈಗೆ ಒಂದು ಝೆರಾಕ್ಸ್ ಪ್ರತಿ ಕೊಟ್ಟು ಅಪ್ಪನಿಗೆ ತೋರಿಸು ಎಂದರು. ಬಸ್ಸಿನಲ್ಲಿ ಕುಳಿತು ನಾನು ಅದನ್ನು ಮೂರು ಸಲ ಓದಿದೆ. ಸಂಶೋಧಕರು ಎಂಬಲ್ಲಿ ಒಂದೇ ಹೆಸರು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಕೈ ತೊಳೆದುಕೊಂಡು, ಒರೆಸಿಕೊಂಡು ಬಂದು ಕುಳಿತ. “ನನ್ನ ಹೆಸರು ಎಲ್ಲೈತೊ?” ನಾನು ಅವನ ಬೆರಳು ಹಿಡಿದು, ಅರ್ಜಿ ಹಾಕಿದ್ದ ವಕೀಲರ ಹೆಸರಿನ ಮೇಲೆ ಇಟ್ಟೆ. “ಇಲ್ಲೈತಪಾ.” “ಹುಸೇನಸಾಬ ಅಂತ ಪೂರಾ ಬರ್ದಾರೇನು?” “ಪೂರಾ ಬರ್ದಾರ.”

ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಬಂದ ಗಿರಾಕಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದ. ಇಂಗ್ಲಿಷ್ ಬರುವವರು ಒಮ್ಮೆ ಅದನ್ನು ನೋಡುತ್ತಿದ್ದರು, ಒಮ್ಮೆ ನನ್ನ ಮುಖ ನೋಡುತ್ತಿದ್ದರು, ಸುಮ್ಮನಾಗುತ್ತಿದ್ದರು. ಮರುವರ್ಷ ಅಪ್ಪ ತೀರಿಕೊಂಡ. ಮಣ್ಣಿಗೆ ಸಾಹೇಬರೂ ಬಂದಿದ್ದರು, ಕಣ್ಣೊರೆಸಿಕೊಂಡರು.

ನಲವತ್ತು ದಿನ ಕಳೆದ ಮೇಲೆ, ಅಪ್ಪನ ಹೆಸರು ಯಾಕಿಲ್ಲ ಎಂದು ಧೈರ್ಯ ಮಾಡಿ ಸಾಹೇಬರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ, ನಕ್ಕರು. “ಹುಚ್ಚಾ, ಗಾದಿ ಮಾಡೋದು ಬ್ಯಾರೆ, ಸಂಶೋಧನಾ ಮಾಡೋದು ಬ್ಯಾರೆ. ಕಾಕಾಗ ಅದೆಲ್ಲ ಏನ ತಿಳಿತಿತ್ತು? ಖುಷಿಯಾಗ್ಲಿ ಅಂತ ಅಂದಿದ್ನಿ.”

ಬೈದಿದ್ದರೆ ಬಹುಶಃ ನುಂಗಿಕೊಳ್ಳುತ್ತಿದ್ದೆ. ನಕ್ಕರಲ್ಲ ಮಾಸ್ತರೇ — ನನ್ನಪ್ಪ ಸಾಯುವವರೆಗೂ ಬೆರಳಿಟ್ಟುಕೊಂಡು ತೋರಿಸಿದ್ದಕ್ಕೆ ನಕ್ಕರು. ನಾನು ತಲೆಯಾಡಿಸಿ ಕೆಲಸಕ್ಕೆ ಹೋದೆ. ಮಶೀನಿನ ಮುಂದೆ ನಿಂತು ಅಂದುಕೊಂಡೆ: ಇವರ ಹೆಸರನ್ನೂ ಒಂದು ಕಾಗದದಿಂದ ಅಳಿಸದಿದ್ದರೆ ನಾನು ಹುಸೇನಸಾಬನ ಮಗನೇ ಅಲ್ಲ.

ನಾಲ್ಕು ವರ್ಷ ನಗುನಗುತ್ತ ಅವರ ಕೈಕೆಳಗೆ ದುಡಿದೆ. ಅಷ್ಟರಲ್ಲಿ ಅವರು ಎರಡನೆಯದನ್ನು ಕಂಡುಹಿಡಿದರು: ತೊಳೆದು ಮತ್ತೆ ಮತ್ತೆ ಬಳಸಬಹುದಾದ, ಧೂಳು ಹಿಡಿಯುವ ಚೀಲ. ಪುಂಡಿನಾರಿಗೆ ಹುಣಸೆಬೀಜ ಕುದಿಸಿ ಮಾಡಿದ ಅಂಟುಸರಿ ಉಣಿಸಿ, ಒಣಗಿಸಿ, ಬಿಸಿ ಒತ್ತು ಕೊಡುವುದು. ಇದು ಪೂರ್ತಿ ಅವರದೇ ತಲೆ, ಸುಳ್ಳು ಹೇಳುವುದಿಲ್ಲ. ಇದ್ದದ್ದನ್ನೆಲ್ಲ ಅದಕ್ಕೇ ಸುರಿದಿದ್ದರು. ಅರ್ಜಿ ತಯಾರಾಗುತ್ತಿತ್ತು. ಬೆಂಗಳೂರಿನ ವಕೀಲರು ಫೋನಿನಲ್ಲಿ ಹೇಳಿದ್ದನ್ನು ನಾನೂ ಪಕ್ಕದಲ್ಲಿ ನಿಂತು ಕೇಳಿದೆ — ಅರ್ಜಿ ಸಲ್ಲಿಸುವ ಮುಂಚೆ ಮಾಡುವ ವಿಧಾನ ಎಲ್ಲಾದರೂ ಅಚ್ಚಾಯಿತೋ, ಅದು ಹೊಸದಲ್ಲ ಎಂದಾಗುತ್ತದೆ, ಪೇಟೆಂಟ್ ಸಿಗುವುದಿಲ್ಲ.

ಅದೇ ಹೊತ್ತಿಗೆ ಹಂಸಭಾವಿಯ ನಿಮ್ಮ ಹಳೆಯ ಶಾಲೆಯವರು ಸ್ಮರಣ ಸಂಚಿಕೆ ತರಲು ಹೊರಟರು. ನೀವು ಸಂಪಾದಕರು. ಶಿಷ್ಯನ ಮೇಲೆ ಲೇಖನ ಬರೆಯುತ್ತೇನೆಂದಿರಿ, ಸಾಹೇಬರು ಹಿಗ್ಗಿದರು. ಆಮೇಲೆ ಏನೋ ಹೊಳೆದು ನನ್ನನ್ನು ಕರೆದರು. “ಇಮಾಮ, ಆಡೂರಿಗೆ ಹೋಗಿ ಮಾಸ್ತರ್ಗೆ ಹೇಳಿ ಬಾ. ನನ್ನ ಬಗ್ಗೆ ಏನ ಬೇಕಾದ್ರೂ ಬರೀಲಿ. ಚೀಲ ಮಾಡೋ ರೀತಿ ಮಾತ್ರ ಒಂದಕ್ಷರ ಬ್ಯಾಡ, ಅರ್ಜಿ ಹೋಗೋ ತನಕ.”

ಹೇಳಬೇಕೆಂದೇ ಹೊರಟಿದ್ದೆ. ಆಣೆ ಮಾಡಿ ಹೇಳುತ್ತೇನೆ — ಆದರೆ ನನ್ನ ಆಣೆಗೆ ಈಗೇನು ಬೆಲೆ. ನಾನು ಬಂದಾಗ ನೀವು ಯಾರೋ ಕಾಲೇಜು ಹುಡುಗರಿಗೆ ಊರಿನ ಶಾಸನವನ್ನು ಕಣ್ಣುಮುಚ್ಚಿ, ಒಂದು ಸಾಲೂ ತಪ್ಪದೆ ಹೇಳುತ್ತಿದ್ದಿರಿ. ಅವರನ್ನು ಕಳಿಸಿ ಕಟ್ಟೆಯ ಮೇಲೆ ಕುಳಿತಿರಿ. ನಾನು ಬಾಯಿ ತೆರೆಯುವ ಮುಂಚೆ ನೀವೇ ಅಂದಿರಿ: “ಛಲೋ ಆತು ಬಂದಿ. ಆ ಚೀಲ ಹೆಂಗ ಮಾಡ್ತೀರಿ, ಬಿಡಿಸಿ ಹೇಳು. ಬರೇ ಹೊಗಳಿ ಬರದ್ರ ಹುಡುಗರಿಗೆ ಏನ ತಿಳಿತೈತಿ?”

ಸಾಹೇಬರ ಆ ನಗು ಕಣ್ಣ ಮುಂದೆ ಬಂತು. ಆಮೇಲೆ ಬಿಡಿಸಿ ಹೇಳಿದೆ. ಬೀಜ ಎಷ್ಟು ಹೊತ್ತು ಕುದಿಸಬೇಕು, ನಾರು ಎಷ್ಟು ಸಲ ಅದ್ದಬೇಕು, ಒತ್ತು ಎಷ್ಟು — ಎಲ್ಲ. ನೀವು ಬರೆದುಕೊಂಡು ನನಗೇ ಓದಿ ತೋರಿಸಿದಿರಿ. ಒಂದು ಅಳತೆ ತಪ್ಪಾಗಿತ್ತು, ತಿದ್ದಿಸಿದೆ. ಬೇಕಾದದ್ದು ಬಿಟ್ಟುಹೋಗಬಾರದಲ್ಲ!

ಅಳತೆಗಳು ತಪ್ಪಬಾರದೆಂದು ನೀವು ನನಗೆ ಒಪ್ಪಿಸಿದ ಕರಡು ತಿದ್ದಿದವನೂ ನಾನೇ. ಅದರಲ್ಲಿ ನೀವು, ನಾನು ಹೇಳದೇ ಇದ್ದ ಒಂದು ಸಾಲು ಸೇರಿಸಿದ್ದಿರಿ: ಈ ವಿದ್ಯೆಯ ಬೇರು ಸವಣೂರಿನ ಗಾದಿ ಕುಶಲಕರ್ಮಿ ದಿವಂಗತ ಹುಸೇನಸಾಬ ನದಾಫರ ಕೈಯಲ್ಲಿದೆ ಎಂದು. ಎಲ್ಲಿಂದ ತಿಳಿದಿತ್ತೋ ನಿಮಗೆ. ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕುಳಿತೆ. ಅತ್ತೆ. ಆಗಲಾದರೂ ನಿಮಗೆ ಹೇಳಬಹುದಿತ್ತು. ಕಣ್ಣೊರೆಸಿಕೊಂಡು ಕರಡನ್ನು ಅಚ್ಚಿಗೆ ಕಳಿಸಿದೆ.

ಸಂಚಿಕೆ ಬಿಡುಗಡೆಯಾಯಿತು. ಸಾಹೇಬರಿಗೆ ಶಾಲು ಹೊದಿಸಿದರು. ಸ್ಮರಣ ಸಂಚಿಕೆಯನ್ನು ಯಾರು ಓದುತ್ತಾರೆ — ತಮ್ಮ ಫೋಟೊ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಿ ಎತ್ತಿಡುತ್ತಾರೆ. ಸಾಹೇಬರೂ ಅಷ್ಟೇ ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಅರ್ಜಿ ಹೋಯಿತು. ನಾನು ಕಾದೆ. ಒಂದೂವರೆ ವರ್ಷಕ್ಕೆ ಅರ್ಜಿ ಎಲ್ಲರಿಗೂ ಕಾಣುವಂತೆ ಪ್ರಕಟವಾದಾಗ, ಸಂಚಿಕೆಯ ಒಂದು ಪ್ರತಿಯನ್ನು ಅವರ ಎದುರಾಳಿ ಕಂಪನಿಯೊಂದಕ್ಕೆ ಹೆಸರು ಬರೆಯದೆ ಅಂಚೆಗೆ ಹಾಕಿದೆ. ಆ ಕಂಪನಿಯವರು ಅದನ್ನೇ ಮುಂದಿಟ್ಟು ತಕರಾರು ಹಾಕಿದರು. ಅರ್ಜಿ ಬಿದ್ದುಹೋಯಿತು. ಈಗ ಆ ಚೀಲವನ್ನು ಕಂಪನಿಯವರೇ ಮಾಡುತ್ತಾರೆ. ಸಾಹೇಬರ ಶೆಡ್ಡಿನಲ್ಲಿ ಹಗ್ಗ ಹೊಸೆಯುತ್ತಾರೆ.

ತಕರಾರಿನ ಕಾಗದ ಬಂದ ದಿನ ನಿಮ್ಮನ್ನು ಶಿಗ್ಗಾಂವಕ್ಕೆ ಕರೆಸಿದರು. ಆ ಮಾತುಗಳು ನಿಮಗೂ ನೆನಪಿರಬೇಕು. “ಮಾಸ್ತರ್ರ, ಹೇಳಿ ಕಳಿಸಿದ್ನೆಲ್ರಿ ಇಮಾಮನ ಕೈಯಾಗ?” ನೀವು ನನ್ನ ಕಡೆ ತಿರುಗಿದಿರಿ. “ಹೇಳಿದ್ದೇನೋ, ಇಮಾಮ?”

“ಹೇಳಿದ್ನೆಲ್ರಿ. ನಿಮ್ಮ ಕಟ್ಟಿ ಮ್ಯಾಲೆ ಕುಂತು ಹೇಳಿದ್ನಿ. ಹೂಂ ಅಂದಿದ್ರಿ.”

ನೀವು ವಾದ ಮಾಡುತ್ತೀರಿ ಎಂದುಕೊಂಡಿದ್ದೆ. ಅದಕ್ಕೂ ತಯಾರಾಗಿ ಬಂದಿದ್ದೆ. ನೀವು ನೆಲ ನೋಡುತ್ತ ಬಹಳ ಹೊತ್ತು ಹುಡುಕಿದಿರಿ — ಇಲ್ಲದ್ದನ್ನು ನಿಮ್ಮ ತಲೆಯೊಳಗೆ ಹುಡುಕಿದಿರಿ. ಆಮೇಲೆ ಮೆಲ್ಲಗೆ ಅಂದಿರಿ: “ಹೇಳಿರಬೇಕಪಾ. ನೀ ಯಾಕ ಸುಳ್ಳ ಹೇಳ್ತಿ?”

ಎದ್ದು ಹೋಗಿ ನಿಮ್ಮ ಶಿಷ್ಯನ ಕಾಲಿಗೆ ಬಗ್ಗಿದಿರಿ. ಸಾಹೇಬರು ಗಾಬರಿಯಾಗಿ ನಿಮ್ಮ ಭುಜ ಹಿಡಿದರು. ಅವರ ಮುಖ ಬೂದಿಯಾಗಿತ್ತು. ಮಾಸ್ತರೇ, ಆ ಕ್ಷಣ ನಾನು ಅವರ ಮುಖ ನೋಡಿ ಸಂತೋಷಪಟ್ಟೆ. ನೀವು ಬಗ್ಗಿದ್ದು ಕಣ್ಣಿಗೆ ಬಿದ್ದಿತ್ತು, ಆದರೂ ಸಂತೋಷಪಟ್ಟೆ. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಟ್ಟು ಬರೆಯಲಾರೆ.

ಅಪ್ಪನ ಹೆಸರನ್ನು ಅಚ್ಚು ಮಾಡಿಸಿದ ಒಬ್ಬನೇ ಒಬ್ಬ ಮನುಷ್ಯ ನೀವು. ಆ ಮನುಷ್ಯನನ್ನೇ ನಾನು — ಏನೆಂದು ಬರೆಯಲಿ. ಸೇಡು ಅವರ ಮೇಲಿತ್ತು. ಹೊಡೆತ ನಿಮಗೆ ಬಿತ್ತು. ಅವರು ಕಳೆದುಕೊಂಡದ್ದು ಒಂದು ಕಾಗದ. ನೀವು ಅವತ್ತಿನಿಂದ ಶಾಸನ ಹೇಳುವುದನ್ನು ಬಿಟ್ಟಿರಿ. ಯಾರಾದರೂ ಕೇಳಿದರೆ ‘ತಪ್ಪಿ ಹೇಳಿಬಿಟ್ಟೇನು’ ಎಂದು ಒಳಗೆ ಹೋಗುತ್ತೀರಿ. ಒಲೆ ಆರಿಸಿದ್ದನ್ನು ಮೂರು ಸಲ ಎದ್ದು ನೋಡುತ್ತೀರಿ. ಉಂಡಿರೋ ಇಲ್ಲವೋ ಎಂದು ಮಗಳನ್ನು ಕೇಳುತ್ತೀರಿ. ಇದು ಮರೆವಲ್ಲ ಮಾಸ್ತರೇ, ಅಂಜಿಕೆ. ಆ ಅಂಜಿಕೆಯನ್ನು ನಿಮ್ಮೊಳಗೆ ಇಟ್ಟವನು ನಾನು. ಅಂಜಿ ಅಂಜಿ ಈಗ ನಿಜಕ್ಕೂ ಏನಾದರೂ ಮರೆಯುತ್ತಿದ್ದರೆ, ಅದೂ ನನ್ನದೇ ಲೆಕ್ಕಕ್ಕೆ.

ಮೊನ್ನೆ ನಿಮ್ಮ ಮಗಳು ಗಿರಿಜಾ ಫೋನ್ ಮಾಡಿದ್ದರು. ಸೋಮವಾರ ನಿಮ್ಮನ್ನು ಹುಬ್ಬಳ್ಳಿಗೆ, ಮರೆವಿನ ಡಾಕ್ಟರಲ್ಲಿಗೆ ಕರೆದೊಯ್ಯುತ್ತಾರಂತೆ. “ಇಮಾಮಣ್ಣ, ನೀವೂ ಬರ್ರಿ. ಮೊದಲನೇ ಸಲ ಅಪ್ಪ ಮರ್ತದ್ದು ನಿಮಗs ಗೊತ್ತಿರೋದು. ಡಾಕ್ಟರ್ ಮುಂದ ನೀವs ಹೇಳಬೇಕು.” ಕಾರು ಸಾಹೇಬರದು. ಅವರೇ ನಡೆಸುತ್ತಾರಂತೆ. ‘ವಯಸ್ಸಾತು ಪಾಪ, ಮಾಸ್ತರ್ದೇನು ತಪ್ಪು’ ಎಂದು ಊರೂರಲ್ಲಿ ಹೇಳಿಕೊಂಡು ತಿರುಗುತ್ತಾರೆ, ನಿಮ್ಮನ್ನು ಕ್ಷಮಿಸಿದ್ದಾರಂತೆ! ಮಾಡದ ತಪ್ಪಿಗೆ ನಿಮ್ಮನ್ನು ಕ್ಷಮಿಸುವ ಆ ದೊಡ್ಡತನ ನೋಡಿದರೆ ನನಗೆ ಮತ್ತೆ ಅದೇ ಬೆಂಕಿ ಏಳುತ್ತದೆ. ಆದರೆ ಆ ದೊಡ್ಡತನವನ್ನು ಅವರ ಕೈಗೆ ಕೊಟ್ಟವನೂ ನಾನೇ.

ಬರುತ್ತೇನೆಂದು ಗಿರಿಜಾಗೆ ಹೇಳಿದ್ದೇನೆ. ಈ ಕಾಗದ ಅದಕ್ಕೂ ಮುಂಚೆ ನಿಮ್ಮ ಕೈಗೆ ಸೇರುತ್ತದೆ. ಸೋಮವಾರ ಡಾಕ್ಟರು ಕೇಳುತ್ತಾರೆ — ಮೊದಲ ಸಲ ಮರೆತದ್ದು ಯಾವಾಗ ಎಂದು. ಸಾಹೇಬರು ಪಕ್ಕದ ಕುರ್ಚಿಯಲ್ಲಿರುತ್ತಾರೆ. ಅವರ ಎದುರಿಗೇ, ಅವರ ಮುಖ ನೋಡದೆ, ನಿಮ್ಮ ಮುಖ ನೋಡಿಕೊಂಡು ಹೇಳುತ್ತೇನೆ: “ಇವ್ರು ಏನೂ ಮರ್ತಿಲ್ರಿ. ನಾನs ಇವರಿಗೆ ಹೇಳಿರಲಿಲ್ಲ.”

ಮರಳಿ ಬರುವಾಗ ನನ್ನನ್ನು ಹುಡುಕಬೇಡಿರಿ. ಆ ಕಾರಿನಲ್ಲಿ ನನಗೆ ಜಾಗ ಇರುವುದಿಲ್ಲ. ನಾನು ಬಸ್ಸಿಗೆ ಬರುತ್ತೇನೆ.