ಎರಡನೇ ಹಂತದಲ್ಲಿ ನಮ್ಮೂರು

ನನ್ನ ಗಂಡ ಹೋಗುವ ಹಿಂದಿನ ದಿನ ಎಲ್ಲ ದಿನಗಳ ಹಾಗೆಯೇ ಇತ್ತು. ಬೆಳಿಗ್ಗೆ ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಹೋದರು. ಲಸಿಕೆಯ ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿ, ಹೆಗಲಿಗೇರಿಸಿಕೊಂಡು ಹಳ್ಳಿಗಳಿಗೆ ಹೊರಟರು. ಅದೇ ಅವರ ಕೆಲಸ. ಚುಚ್ಚುವವರು ನರ್ಸಮ್ಮ, ಬೈಸಿಕೊಳ್ಳುವವರು ಇವರು. ಪೆಟ್ಟಿಗೆ ಕಂಡರೆ ಸಾಕು, ಮಕ್ಕಳು ಮಂಚದ ಕೆಳಗೆ ನುಗ್ಗುತ್ತಿದ್ದವು. ಅವರಿಗೆ ಗುಮ್ಮ ಎಂದೇ ಹೆಸರು. ಮಗು ಊಟ ಮಾಡದಿದ್ದರೆ ತಾಯಂದಿರು ಗುಮ್ಮನನ್ನು ಕರೆಯುತ್ತೇನೆ ಅನ್ನುತ್ತಿದ್ದರು. ಇವರಿಗೆ ಅದರಲ್ಲಿ ಬೇಜಾರಿರಲಿಲ್ಲ. ನನ್ನ ಹೆಸರಲ್ಲಿ ಎಷ್ಟು ಮಕ್ಕಳ ಹೊಟ್ಟೆ ತುಂಬಿದೆ ನೋಡು ಅನ್ನುತ್ತಿದ್ದರು.

ಸಂಜೆ ಬಂದವರು ಎದೆ ಉಜ್ಜಿಕೊಂಡರು. ಗ್ಯಾಸು ಅಂದರು. ಸೋಡಾ ಕುಡಿದು, ಪಕ್ಕದ ಮನೆಯ ದರ್ಜಿಯ ಜೊತೆ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆದರು. ದರ್ಜಿಗೆ ಅವರು ಅಣ್ಣ, ನಾನು ಅತ್ತಿಗೆ. ರಕ್ತಸಂಬಂಧವಲ್ಲ, ಗೋಡೆಸಂಬಂಧ.

ಮಾರನೇ ದಿನ ಎದ್ದಾಗ ಮೈಯೆಲ್ಲ ಬೆವರು. ಅವರು ಕೆಲಸ ಮಾಡುವ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಡಾಕ್ಟರಮ್ಮನಿಗೆ ಅನುಮಾನ ಬಂತು. ಆದರೆ ಹೃದಯದ ಬಡಿತ ಬರೆದು ತೋರಿಸುವ ಯಂತ್ರ ಅಲ್ಲಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲೇ ಹೋದರು.

ಆ ಯಂತ್ರ ಬರುವುದಿತ್ತು. ಸರ್ಕಾರ ಹತ್ತು ವರ್ಷದ ಯೋಜನೆ ಹಾಕಿತ್ತು. ಯಾವ ಊರಿಗೆ ಮೊದಲು, ಯಾವ ಊರಿಗೆ ಆಮೇಲೆ ಎಂದು ಮೇಲಿನವರು ಕೂತು ತೀರ್ಮಾನಿಸಿದ್ದರು. ಹೊಳೆಯಾಚೆಯ ಊರು ಮೊದಲನೇ ಹಂತಕ್ಕೆ, ನಮ್ಮೂರು ಎರಡನೇ ಹಂತಕ್ಕೆ. ಇವರು ಅದನ್ನು ಖುಷಿಯಿಂದಲೇ ಬಂದು ಹೇಳಿದ್ದರು. ನಮ್ಮೂರಲ್ಲಿ ಹೃದಯದ ಕಾಯಿಲೆ ಇಲ್ಲವಂತೆ, ಗಟ್ಟಿ ಜನವಂತೆ.

ಇಲ್ಲದೆ ಏನು. ಆಮೇಲೆ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ಯಂತ್ರವಿಲ್ಲದೆ ಹೃದಯದ ಕಾಯಿಲೆ ಎಂದು ಬರೆಯುವ ಹಾಗಿಲ್ಲ. ಹಾಗಾಗಿ ಎದೆನೋವು ಅಂತ ಬಂದವರನ್ನೆಲ್ಲ ಗ್ಯಾಸು ಎಂದು ಬರೆದರು. ವರ್ಷಾನುಗಟ್ಟಲೆ ಇಲ್ಲಿಂದ ಮೇಲಕ್ಕೆ ಹೋದದ್ದು ಗ್ಯಾಸೇ. ಯೋಜನೆ ಹಾಕುವವರು ಅದನ್ನೇ ನಂಬಿ ಗ್ಯಾಸಿನ ಮಾತ್ರೆ ಮೂಟೆಗಟ್ಟಲೆ ಕಳಿಸಿದರು. ಯಂತ್ರವಿಲ್ಲದ್ದಕ್ಕೆ ಕಾಯಿಲೆ ಇಲ್ಲ, ಕಾಯಿಲೆ ಇಲ್ಲದ್ದಕ್ಕೆ ಯಂತ್ರವಿಲ್ಲ.

ಅವರು ಹೋದ ಚಳಿಗಾಲ ಮುಗಿಯುವಷ್ಟರಲ್ಲಿ ಯಂತ್ರ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.

ಅದರ ತಂತಿಗಳನ್ನು ಮೊದಲು ಎದೆಗೆ ಅಂಟಿಸಿಕೊಂಡವನು ದರ್ಜಿ. ಅದೇ ನೋವು, ಅದೇ ಬೆವರು, ಅದೇ ಸೋಡಾ. ಆದರೆ ಡಾಕ್ಟರಮ್ಮ ಗೀಟು ನೋಡಿ ಅಲ್ಲೇ ಔಷಧಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೋದವನು ನಡೆದುಕೊಂಡು ವಾಪಸ್ ಬಂದ.

ನನಗೆ ಹೊಟ್ಟೆಕಿಚ್ಚು ಹತ್ತಿತು. ಸುಳ್ಳು ಯಾಕೆ ಹೇಳಲಿ. ಅವನ ಮೇಲಲ್ಲ, ಅವನ ಹೆಂಡತಿಯ ಮೇಲೆ. ಹಿತ್ತಲ ಹಗ್ಗದ ಮೇಲೆ ಅವಳು ಗಂಡಸಿನ ಅಂಗಿ ಒಣಗಿಸುತ್ತಿದ್ದಳು. ಉಪ್ಪು ಕಡಿಮೆ ಮಾಡಿ ಎಂದು ಗಂಡನಿಗೆ ಬೈಯುವುದು ಗೋಡೆಯಾಚೆ ಕೇಳುತ್ತಿತ್ತು. ಬೈಯಲು ಒಬ್ಬ ಇರುವುದು ಎಂಥ ಭಾಗ್ಯ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಬಂದು ಕೂತು, ಸರ್ಕಾರದ ಯೋಜನೆ ಒಳ್ಳೇದೇ ಆಯ್ತಲ್ಲ ಅಕ್ಕಾ ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ನಿನಗೆ ಆಯ್ತು” ಎಂದೆ. ಎದ್ದು ಹೋದಳು.

ಆಮೇಲೊಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ದರ್ಜಿ ಹೊರಗೆ ಬಂದು, ಹಿಂದೆ ಮುಂದೆ ನೋಡಿ, ಏನನ್ನೋ ಮೋರಿಗೆ ಎಸೆದ.

“ಏನದು?”

“ಮಾತ್ರೆ ಅತ್ತಿಗೆ. ಇದನ್ನ ನುಂಗಿದ್ರೆ ತಲೆ ತಿರುಗುತ್ತೆ, ಸೂಜಿಗೆ ದಾರ ಹೋಗಲ್ಲ. ಈಗ ಆರಾಮಾಗೇ ಇದೀನಲ್ಲ. ಇವಳಿಗೆ ಹೇಳ್ಬೇಡಿ.”

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. “ನಿಮ್ಮಣ್ಣನಿಗೆ ಸಿಗದೇ ಹೋದದ್ದು ನಿನಗೆ ಸಿಕ್ಕಿದೆ. ಅದನ್ನ ಮೋರಿಗೆ ಹಾಕ್ತೀಯಾ? ನಿನಗೆ ಬೇಡದಿದ್ರೆ ಅವರಿಗಾದ್ರೂ ಬಿಟ್ಟುಕೊಡಬೇಕಿತ್ತು.”

ಅವನ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ.

ಅವನನ್ನೂ ಅವಳನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ತಲೆ ತಿರುಗದ ಬೇರೆ ಮಾತ್ರೆ ಕೊಟ್ಟರು. ಇನ್ನೊಂದು ಮಾತೂ ಹೇಳಿದರು. ಎಷ್ಟು ಜನ ಬಂದು ಮಾತ್ರೆ ತಗೊಳ್ಳುತ್ತಾರೆ ಎಂದು ನೋಡಿಯೇ ಮುಂದಿನ ಯೋಜನೆ ಹಾಕುತ್ತಾರಂತೆ. ಹೀಗೆ ಬಿಟ್ಟವರು ಹೆಚ್ಚಾದರೆ ಈ ಊರಿಗೆ ಬೇಡ ಅಂದುಕೊಳ್ಳುತ್ತಾರಂತೆ. ಅಂದರೆ ಮತ್ತೆ ನಾವು ಗಟ್ಟಿ ಜನ.

ವಾಪಸ್ ಬರುವಾಗ ಅವಳು ನನ್ನ ಕೈ ಹಿಡಿದಳು. “ನನ್ನ ಮಾತಿಗೆ ಹೂಂ ಅಂತಾರೆ, ನುಂಗಲ್ಲ. ನಿಮಗೆ ಹೆದರ್ತಾರೆ ಅಕ್ಕಾ.”

ಕೈ ಬಿಡಿಸಿಕೊಂಡೆ. ಆದರೆ “ಆಗಲಿ” ಎಂದೆ.

ಈಗ ಬೆಳಿಗ್ಗೆ ಎದ್ದ ಕೂಡಲೇ ಅವರ ಮನೆಗೆ ಹೋಗುತ್ತೇನೆ. ಅವನ ಅಂಗೈಗೆ ಮಾತ್ರೆ ಹಾಕಿ ನೀರು ಕೊಡುತ್ತೇನೆ. ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತೇನೆ. ಪೊಲೀಸರು ಜೇಬು ನೋಡಿ ಬಿಡ್ತಾರೆ, ನೀವು ನಾಲಿಗೆ ಕೆಳಗೂ ನೋಡ್ತೀರಿ ಎಂದು ಅವನ ತಮಾಷೆ. ಒಲೆಯ ಮುಂದೆ ಅವಳು ನಗುತ್ತಾಳೆ. ಆ ನಗು ಕಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಲೋಟ ತೊಳೆದು, ಬೋರಲು ಹಾಕಿ, ಮನೆಗೆ ಬರುತ್ತೇನೆ.