ಮುಚ್ಚಿದ ಮನೆಯಲ್ಲಿ ಹವಳ

ಉಪ್ಪುನೀರಿನ ಟ್ಯಾಂಕಿನಲ್ಲಿ ಹವಳ ಸಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ನೀರಿನ ಪಿಎಚ್ ಇಳಿಯಿತೆಂದು ಅಂಗಡಿಗೆ ಓಡಬೇಡಿ. ಅಂಗಡಿಯವಳೇ ಹೇಳುತ್ತಿದ್ದೇನೆ. ಕೊಟ್ಟೂರಿನಲ್ಲಿ ಪಾತ್ರೆ ಮಾರಿ ಮನೆ ಕಟ್ಟಿಸಿದವಳು ನಾನು. ಗಾಬರಿಯಾದ ಗಿರಾಕಿಯ ಮುಖ ಕಂಡರೆ ರೇಟು ಹೇಗೆ ಏರುತ್ತದೆಂಬುದು ನನಗೆ ಗೊತ್ತು.

ಟ್ಯಾಂಕು ತಂದದ್ದು ನನ್ನ ಗಂಡನಿಗಾಗಿ. ಲಾರಿ ಓಡಿಸುತ್ತಿದ್ದವರು, ಮೆಕ್ಕೆಜೋಳ ತುಂಬಿಕೊಂಡು ಮಂಗಳೂರಿನ ತನಕ ಹೋಗಿಬರುತ್ತಿದ್ದರು. ಲಕ್ವ ಹೊಡೆದ ಮೇಲೆ ಬಲಗೈ ಬಲಗಾಲು ಬಿದ್ದುಹೋದವು, ಮಾತು ಬಾಯೊಳಗೇ ಕಲಸಿಹೋಯಿತು. ದಿನವಿಡೀ ಪಡಸಾಲೆಯ ಗೋಡೆ ನೋಡುತ್ತ ಕೂತಿರುತ್ತಿದ್ದರು. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಒಬ್ಬ ಸಾಹೇಬರಿಗೆ ವರ್ಗವಾಗಿ, ಅವರ ಮನೆಯ ಟ್ಯಾಂಕು ಮಾರಾಟಕ್ಕಿದೆ ಎಂದು ಕಿವಿಗೆ ಬಿತ್ತು. ಹೋದೆ.

"ಇದರಲ್ಲಿರೋ ಹವಳಕ್ಕೇ ಬೆಲೆ ಜಾಸ್ತಿ ಅಮ್ಮ," ಎಂದರು ಸಾಹೇಬರು.

"ಲಾರಿ ಮ್ಯಾಲೆ ಹೇರಿಕೊಂಡು ಹೋದ್ರ ಅರ್ಧ ದಾರ್‍ಯಾಗ ಸಾಯ್ತಾವ್ರಿ ಸಾಹೇಬ್ರ. ಬದುಕಿಸ್ತೀನಿ ಅಂತ ಬಂದೀನಿ. ಹಂಗ ನೋಡಿದ್ರ ನೀವ ನನಗ ರೊಕ್ಕ ಕೊಡಬೇಕು."

ಅವರು ನಕ್ಕುಬಿಟ್ಟರು. ಮಾರುವವನು ನಕ್ಕರೆ ಅರ್ಧ ವ್ಯಾಪಾರ ಮುಗಿದ ಹಾಗೆ. ದೀಪ, ನೀರಿಗೆ ಗಾಳಿ ಊದಿ ಕೊಳೆಯನ್ನು ನೊರೆಯಾಗಿ ಎತ್ತುವ ಯಂತ್ರ, ಪಿಎಚ್ ಅಳೆಯುವ ಮೀಟರು ಎಲ್ಲವೂ ಟ್ಯಾಂಕಿನ ಜೊತೆಗೇ ಬಂದವು. ಹಳೆಯ ಮೀಟರು ಕೊಳ್ಳುವವರು ಅದನ್ನು ಸರಿಹೊಂದಿಸುವ ದ್ರವವನ್ನೂ ಕೇಳಿ ಪಡೆಯಬೇಕು. ಸುಳ್ಳು ತಕ್ಕಡಿ ಇಟ್ಟುಕೊಂಡು ಯಾರೂ ಬದುಕಲಾರರು.

ಆ ಟ್ಯಾಂಕಿನಲ್ಲಿ ಹಸಿರು ಬೆರಳುಗಳಂಥ ಒಂದು ಹವಳವಿತ್ತು. ರಾತ್ರಿ ಮುದುಡಿಕೊಳ್ಳುತ್ತಿತ್ತು, ಬೆಳಿಗ್ಗೆ ದೀಪ ಹಾಕಿದರೆ ನಿಧಾನಕ್ಕೆ ಬೆರಳು ಚಾಚುತ್ತಿತ್ತು. ನನ್ನ ಗಂಡ ಅದನ್ನೇ ಕಾಯುತ್ತಿದ್ದರು. ಅದು ಪೂರ್ತಿ ಅರಳಿದ ಮೇಲೆ ನನ್ನ ಕಡೆ ತಿರುಗಿ ಬಾಯಿ ತೆರೆಯುತ್ತಿದ್ದರು, ನಾನು ಗಂಜಿ ಉಣಿಸುತ್ತಿದ್ದೆ. ಅದಕ್ಕೆ ಮುಂಚೆ ಎಷ್ಟು ರಮಿಸಿದರೂ ತುಟಿ ಬಿಚ್ಚುತ್ತಿರಲಿಲ್ಲ. ಹೀಗೆ ಅವರ ಹೊಟ್ಟೆಯ ಬೀಗದ ಕೈ ಆ ಹವಳದ ಹತ್ತಿರ ಹೋಗಿ ಕೂತಿತ್ತು.

ಮಗಳು ಬಾಣಂತನಕ್ಕೆ ಬಂದಳು. ಹಸಿ ಮೈಗೆ ಗಾಳಿ ತಾಗಬಾರದೆಂದು ಅವಳ ಅತ್ತೆ, ಚಿಗಟೇರಿಯ ಬೀಗಿತ್ತಿ, ತಾವೇ ನಿಂತು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿ ಸಂದುಗಳಿಗೆ ಹಳೆ ಸೀರೆಯ ಚೂರು ತುರುಕಿಸಿ ಹೋದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ಪಡಸಾಲೆಗೂ ಬಾಣಂತಿಯ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ. ಆ ಕೋಣೆಯಲ್ಲಿ ಹೊತ್ತುಹೊತ್ತಿಗೆ ಕೆಂಡ, ಕೆಂಡದ ಮೇಲೆ ಲೋಬಾನ.

ಕೆಲವೇ ದಿನಗಳಲ್ಲಿ ಹವಳ ಬೆಳಿಗ್ಗೆ ಅರಳುವುದನ್ನು ನಿಲ್ಲಿಸಿತು. ಮೀಟರು ಅದ್ದಿದೆ. ಎಂಟರ ಮೇಲಿರುತ್ತಿದ್ದ ಪಿಎಚ್ ಏಳೂಮುಕ್ಕಾಲಿನ ಹತ್ತಿರ ಬಂದಿತ್ತು. ಗಂಡ ಕಣ್ಣು ಕೀಳದೆ ಕಾದರು, ಕಾದು ಮುಖ ತಿರುವಿದರು. ಗಂಜಿ ತಣ್ಣಗಾಯಿತು.

ಅಡುಗೆ ಸೋಡಾ ಕರಗಿಸಿ ಹಾಕಿದೆ. ಸಂಜೆಗೆ ಏರಿದ್ದು ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಆಮೇಲೆ ಸುಣ್ಣದ ತಿಳಿನೀರು. ಕೆಳಗೆ ಗಸಿ ಕೂತ ಮೇಲೆ ಮೇಲಿನದನ್ನಷ್ಟೇ ಬಸಿದು, ಆಸ್ಪತ್ರೆಯಿಂದ ಉಳಿದಿದ್ದ ಸಲೈನ್ ನಳಿಗೆಯಲ್ಲಿ ಹನಿಹನಿಯಾಗಿ ಬಿಟ್ಟೆ. ಒಮ್ಮೆಲೇ ಸುರಿದರೆ ನೀರು ಹಾಲಿನಂತಾಗಿ ಇದ್ದಬದ್ದದ್ದೂ ಸಾಯುತ್ತದೆ, ನೆನಪಿಡಿ. ಅದೂ ನಿಲ್ಲಲಿಲ್ಲ. ಗಂಡ ಒಂದೆರಡು ಚಮಚೆ ನೀರು ಕುಡಿಯುತ್ತಿದ್ದರು, ಅಷ್ಟೇ. ಕುತ್ತಿಗೆಯ ಎಲುಬು ಎದ್ದು ಕಾಣತೊಡಗಿತು.

ಕೊನೆಗೆ ಸಾಹೇಬರಿಗೆ ಫೋನು ಮಾಡಿದೆ. ಅವರು ಕೇಳಿದ್ದು ಒಂದೇ: "ಮನೆ ಕಿಟಕಿ ಮುಚ್ಚಿದ್ದೀರಾ?"

ಅವರು ಹೇಳಿದಂತೆ ಒಂದು ಚೊಂಬು ಟ್ಯಾಂಕಿನ ನೀರನ್ನು ಮಾಳಿಗೆಯ ಮೇಲೆ ಒಯ್ದು, ಗುಳ್ಳೆ ಬಿಡುವ ಸಣ್ಣ ಪಂಪು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಅಳೆದೆ. ಎಂಟು ದಾಟಿತ್ತು. ಟ್ಯಾಂಕಿನ ಇನ್ನೊಂದು ಚೊಂಬು ನೀರಿಗೆ ಪಡಸಾಲೆಯಲ್ಲೇ ಗುಳ್ಳೆ ಬಿಟ್ಟರೆ ಮೀಟರು ಕದಲಲಿಲ್ಲ. ದೋಷ ನೀರಿನದಲ್ಲ, ಗಾಳಿಯದು. ನಾವು ಬಿಟ್ಟ ಉಸಿರು, ಕೆಂಡದ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ನೀರಿಗಿಳಿದು ಅದನ್ನು ಹುಳಿ ಮಾಡುತ್ತಿದ್ದವು. ಯಾರೇ ಆಗಲಿ, ಪೈಸೆ ಬಿಚ್ಚುವ ಮುಂಚೆ ಈ ಚೊಂಬಿನ ಪರೀಕ್ಷೆ ಮಾಡಿಕೊಳ್ಳಿ.

"ಅವ್ವ, ನನಗೂ ಉಸುರು ಕಟ್ಟಿದಂಗ ಆಗ್ತೈತಿ. ಪಡಸಾಲಿ ಕಿಟಕಿ ಒಂಚೂರು ತಗೀಬೇ," ಎಂದಳು ಮಗಳು.

"ನಿಮ್ಮತ್ತಿ ಬಂದ್ರ?"

"ಬಂದಾಗ ಮುಚ್ಚಿದ್ರಾತು. ಅಪ್ಪ ನೋಡು ಹೆಂಗ ಆಗ್ಯಾನ."

ತೆಗೆದೆ. ನೊರೆ ಯಂತ್ರ ಗಾಳಿ ಎಳೆಯುವ ಕೊಳವೆಯನ್ನೂ ಆ ಕಿಟಕಿಯಿಂದ ಹೊರಗೆ ಬಿಟ್ಟೆ. ಪಿಎಚ್ ಮೆಲ್ಲಗೆ ಮೇಲೆ ಬಂತು. ಹವಳ ಅರ್ಧ ಬೆರಳು ಚಾಚಿತು. ಗಂಡ ಅರ್ಧ ಬಟ್ಟಲು ಉಂಡರು. ಆವತ್ತು ಅಂಗಡಿಯಲ್ಲಿ ನಾನು ಯಾರೊಂದಿಗೂ ಚೌಕಾಸಿ ಮಾಡಲಿಲ್ಲ.

ಬೀಗಿತ್ತಿ ಹೇಳದೆ ಕೇಳದೆ ಬಂದರು. ಚಪ್ಪಲಿ ಬಿಡುವಾಗಲೇ ಕಿಟಕಿ ಕಂಡಿತು. ಒಳಗೆ ಕೂಸು ಸೀನಿತು.

"ಏನ್ರೀ ಬೀಗ್ರೆ, ಹಸೀ ಬಾಣಂತಿ ಇರೋ ಮನೇಲಿ ಕಿಟಕಿ ತೆಗ್ದು ಕೂತೀರಲ್ಲ?"

"ಆಕಿ ಕೋಣಿದಲ್ರಿ ಅಕ್ಕಾರ, ಪಡಸಾಲೀದು."

"ಗಾಳಿ ಏನು ನಿಮ್ಮನ್ನ ಕೇಳಿ ಪರದೆ ದಾಟ್ತತೇನ್ರಿ? ಕೂಸಿಗೆ ನೆಗಡಿ ಆಗೇತಿ!"

ಮಗಳು ಪರದೆ ಸರಿಸಿದಳು. "ಅತ್ತಿ, ಅದು ಅರಳದಿದ್ರ ನಮ್ಮಪ್ಪ ಉಣ್ಣಂಗಿಲ್ರಿ."

"ಓಹೋ, ಕಲ್ಲಿನ ಹೂವಿಗೆ ಬಾಣಂತನ ನಡ್ಸಾಕತ್ತೀರಿ ಇಲ್ಲಿ. ನಡೀ, ಬಟ್ಟೆ ಕಟ್ಟು. ಬಾಕಿ ದಿನ ನಮ್ಮನೇಲಿ ಕಳೀತಾವು."

ಜೀವಮಾನವೆಲ್ಲ ಚೌಕಾಸಿ ಮಾಡಿದವಳು, ಆಗಲೂ ಶುರುಮಾಡಿದೆ. ಕಿಟಕಿ ಮುಚ್ಚುತ್ತೇನೆ ಎಂದೆ. ಕೊಳವೆಯ ಸಂದಿಗೆ ಬಟ್ಟೆ ಮೆತ್ತುತ್ತೇನೆ ಎಂದೆ. ಅವರು ಕೂಸಿನ ತೊಟ್ಟಿಲು ಬಿಚ್ಚಲು ಕೈ ಹಾಕಿದರು. ನನ್ನ ಬಾಯಿಂದ ಬಂತು:

"ತಡೀರಿ ಅಕ್ಕಾರ. ಟ್ಯಾಂಕನ್ನ ಸಾಗಹಾಕ್ತೀನಿ. ನಾಳೆ ಮುಂಜಾನಿಗೆ ಈ ಮನ್ಯಾಗ ಇರಂಗಿಲ್ಲ."

ಕುರ್ಚಿಯಿಂದ ಗಂಡ ನನ್ನ ಕಡೆ ನೋಡಿದರು. ಏನೋ ಅಂದರು, ಎಂದಿನಂತೆ ಬಾಯೊಳಗೇ ಉಳಿಯಿತು. ಬೀಗಿತ್ತಿ ಆ ಮಾತಿಗೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಕಾರು ಬಂತು. ಮಗಳು ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಪ್ಪನ ಮುಂದೆ ಬಂದು ನಿಂತಳು. ಅವರು ಎಡಗೈಯಿಂದ ಆ ಸೆರಗನ್ನು ಹಿಡಿದುಕೊಂಡರು. ಬಿಡಿಸಿದ್ದು ನಾನೇ.

ಟ್ಯಾಂಕು ಸಾಗಹಾಕುವ ಕಾರಣ ಉಳಿಯಲಿಲ್ಲ. ಕಿಟಕಿಗಳನ್ನೆಲ್ಲ ತೆಗೆದೆ, ಸಂದುಗಳ ಬಟ್ಟೆ ಕಿತ್ತೆ. ಮನೆಯಲ್ಲಿ ಉಸಿರಾಡುವವರು ಇಬ್ಬರೇ. ಸೋಡಾ ಬೇಡ, ಸುಣ್ಣ ಬೇಡ, ಪಿಎಚ್ ತಾನಾಗಿ ಏರಿ ಎಂಟೂಕಾಲಿನ ಹತ್ತಿರ ನಿಂತಿತು. ಸಾಹೇಬರ ಮನೆಯಲ್ಲೂ ಅಷ್ಟು ಚೆನ್ನಾಗಿ ಇದ್ದಿರಲಾರದು.

ಮರುದಿನ ಬೆಳಿಗ್ಗೆ ದೀಪ ಹಾಕಿದೆ. ಹವಳ ಒಂದೊಂದಾಗಿ ಬೆರಳು ಬಿಚ್ಚಿ, ತಂದ ದಿನಕ್ಕಿಂತ ಅಗಲವಾಗಿ ಅರಳಿ ನೀರಿನಲ್ಲಿ ತೂಗತೊಡಗಿತು.

"ನೋಡ್ರಿ, ಎಷ್ಟು ಚಂದ ಅರಳೈತಿ," ಎಂದೆ. ಗಂಜಿಯ ಚಮಚೆ ತುಟಿಯ ಹತ್ತಿರ ಹಿಡಿದೆ.

ಅವರು ನೋಡಿದರು. ನೋಡಲಿಲ್ಲವೆಂದು ಹೇಳಲಾರೆ. ಬಾಯಿ ಮಾತ್ರ ತೆರೆಯಲಿಲ್ಲ.