ಕಡಲ ತಳದಿಂದ ತಂದ ಕಲ್ಲು

ಕೊರೊನಾ ಮುಗಿದು ಎರಡನೇ ವರ್ಷ. ಆಗ ನಾನು ಉತ್ತರ ಕನ್ನಡದ ಕಡಲ ತೀರದ ಒಂದು ರೆಸಾರ್ಟಿನಲ್ಲಿ ಮುಖ್ಯ ಸ್ಕೂಬಾ ಇನ್‌ಸ್ಟ್ರಕ್ಟರ್ ಆಗಿದ್ದೆ. ನನ್ನ ಊರು ದಕ್ಷಿಣ ಕನ್ನಡದ ರಾಮಕುಂಜ. ಈಜು ಕಲಿತದ್ದು ಹೊಳೆಯಲ್ಲಿ, ಕಲಿಸಿದವನು ನನ್ನ ಸಹಪಾಠಿ ಇಚಿಲಂಪಾಡಿಯ ಕುಶಾಲಪ್ಪ. ಆ ನವೆಂಬರಿನ ಒಂದು ಶನಿವಾರ ಅವನೇ ಪುತ್ತೂರು, ಸುಳ್ಯ, ಕಡಬದ, ತಾನೂ ಸೇರಿ ಎಂಟು ಜನರ ವಾಲಿಬಾಲ್ ತಂಡ ಕಟ್ಟಿಕೊಂಡು ಡೈವಿಂಗ್‌ಗೆ ಬಂದಿಳಿದ. ಅವನ ಹೆಂಡತಿಯ ತಮ್ಮ ಯೋಗೀಶನೂ ಜೊತೆಗಿದ್ದ. ಊರಿನವರು ಬಂದರೆಂದು ನನಗೆ ಹಬ್ಬವೇ ಆಯಿತು. ಅಡುಗೆಯವರಿಗೆ ಹೇಳಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿಸಿದೆ.

ಭಾನುವಾರ ಬೆಳಿಗ್ಗೆ ಎಂಟೂ ಜನರನ್ನು ಕೂರಿಸಿ ಪಾಠ ಹೇಳಿದೆ. ಸ್ಕೂಬಾದ ಮೊದಲ ನಿಯಮ, ಉಸಿರು ಕಟ್ಟಬಾರದು. ಹೊಳೆಯಲ್ಲಿ ನಾವು ಮೇಲೆಯೇ ಉಸಿರು ಎಳೆದುಕೊಂಡು ಮುಳುಗುತ್ತೇವೆ, ಅದು ಬೇರೆ. ಹತ್ತು ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎಳೆದ ಗಾಳಿ ಒತ್ತಡಕ್ಕೆ ಒತ್ತಿಕೊಂಡಿರುತ್ತದೆ. ಉಸಿರು ಕಟ್ಟಿ ಮೇಲೆ ಬಂದರೆ ಅದೇ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನು ಸೀಳುತ್ತದೆ. ನಮ್ಮ ಕಡೆಯವರಿಗೆ ಇದನ್ನು ಒತ್ತಿ ಹೇಳಲು ಕಾರಣವಿತ್ತು. ಹೊಳೆಯ ಗುಂಡಿಗೆ ಮುಳುಗಿ, ತಳದ ಕಲ್ಲನ್ನು ಒಂದೇ ಉಸಿರಿನಲ್ಲಿ ಮೇಲೆ ತರುವ ಪಂದ್ಯ ಆಡದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಆ ಆಟ ಇಲ್ಲಿ ಬೇಡ ಎಂದು ತುಳುವಿನಲ್ಲಿ ಒಮ್ಮೆ, ಸುಳ್ಯ ಕಡೆಯ ಅರೆಭಾಷೆಯಲ್ಲಿ ಒಮ್ಮೆ ಹೇಳಿದೆ.

"ಅಷ್ಟು ಗೊತ್ತಾಗುದಿಲ್ವಾ ಮಾರಾಯ, ನೀನು ಹೇಳಿದ ಹಾಗೆಯೇ ಮಾಡುದು" ಎಂದ ಕುಶಾಲಪ್ಪ.

ಒಬ್ಬ ಇನ್‌ಸ್ಟ್ರಕ್ಟರ್‌ಗೆ ಇಬ್ಬರು ಎಂಬುದು ನಮ್ಮ ಲೆಕ್ಕ. ಕುಶಾಲಪ್ಪ, ಯೋಗೀಶ ನನ್ನ ಪಾಲಿಗೆ ಬಂದರು. ಉಳಿದವರು ಮೊದಲೇ ಇಳಿದು ದೋಣಿಗೆ ಮರಳಿದ್ದರು. ಹತ್ತು ಮೀಟರ್ ಆಳದಲ್ಲಿ, ಮರಳಿನ ತಳದ ಹತ್ತಿರ ಕುಶಾಲಪ್ಪ ಕಿವಿ ತೋರಿಸಿ ಅಂಗೈಯನ್ನು ಅತ್ತಿತ್ತ ಅಲುಗಿಸಿದ. ಕಿವಿಯಲ್ಲಿ ತೊಂದರೆ ಎಂಬ ಸನ್ನೆ ಅದು. ಯೋಗೀಶನಿಗೆ ಅಲ್ಲೇ ನಿಲ್ಲಲು ಹೇಳಿ ನಾನು ಇವನ ಕಡೆ ತಿರುಗಿದೆ. ಮತ್ತೆ ನೋಡುವಾಗ ಯೋಗೀಶ ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಂದ ಕಿತ್ತು, ಕೆನ್ನೆ ಉಬ್ಬಿಸಿಕೊಂಡು ನೆಟ್ಟಗೆ ಮೇಲೇರುತ್ತಿದ್ದ. ಕುಶಾಲಪ್ಪನಿಗೂ ಮೇಲೆ ಬರಲು ಸನ್ನೆ ಮಾಡಿ ಹಿಂದೆಯೇ ಚಿಮ್ಮಿದೆ, ಯೋಗೀಶನ ಕಾಲು ಕೈಗೆ ಸಿಗಲಿಲ್ಲ.

ನಾನು ನೀರಿನಿಂದ ತಲೆ ಎತ್ತಿದಾಗ ದೋಣಿಯಲ್ಲಿ ಚಪ್ಪಾಳೆ ಕೇಳುತ್ತಿತ್ತು. ಯೋಗೀಶನ ಮುಷ್ಟಿಯಲ್ಲಿ ಒಂದು ಕಲ್ಲಿತ್ತು. ಅವನು ಕೆಮ್ಮಿದ, ತುಟಿಯ ಮೇಲೆ ರಕ್ತದ ನೊರೆ ಬಂತು. ಆಗ ಚಪ್ಪಾಳೆ ನಿಂತಿತು. ಅವನು ಕಣ್ಣು ಮುಚ್ಚಿ ನೀರಿಗೆ ಜಾರುವಷ್ಟರಲ್ಲಿ ಹಿಡಿದು ದೋಣಿಗೆ ಎಳೆದೆವು. ಮಲಗಿಸಿ ಆಕ್ಸಿಜನ್ ಕೊಟ್ಟೆ, ದಡ ಮುಟ್ಟುವವರೆಗೆ ಮಾಸ್ಕ್ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಶ್ವಾಸಕೋಶದ ಹೊರಗೆ ಸೇರಿದ್ದ ಗಾಳಿ ತೆಗೆಯಲು ಎದೆಗೆ ಟ್ಯೂಬ್ ಹಾಕಿದರು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ನನಗೂ ಉಸಿರು ಬಂತು.

ಸಂಜೆ ರೆಸಾರ್ಟಿನ ಮಾಲೀಕರು ಆಸ್ಪತ್ರೆಗೆ ಬಂದರು. ನನ್ನನ್ನು ತೋರಿಸಿ, ಉಸಿರು ಕಟ್ಟಬಾರದು ಎಂದು ಇವರು ಹೇಳಿದ್ದರೇ ಎಂದು ಎಲ್ಲರ ಮುಂದೆ ಕೇಳಿದರು.

"ಅದೆಲ್ಲ ಹೇಳ್ಲಿಲ್ಲ ಸಾರ್" ಎಂದ ಕುಶಾಲಪ್ಪ. "ಹೊಳೆಯಲ್ಲಿ ಈಜುವವರಿಗೆ ಎಂತ ಕಲಿಸುದು ಅಂತ ತಮಾಷೆ ಮಾಡಿದ."

ನಾನು ಉಳಿದ ಆರು ಜನರ ಮುಖ ನೋಡಿದೆ. ಒಬ್ಬ ಚಪ್ಪಲಿ ನೋಡಿಕೊಂಡ, ಮತ್ತೊಬ್ಬ ಫೋನ್ ತೆಗೆದ. ಎರಡು ಭಾಷೆಯಲ್ಲಿ ಕೇಳಿದ್ದವರು ಒಂದು ಭಾಷೆಯಲ್ಲೂ ಬಾಯಿ ಬಿಡಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಎಂದು ಗಾದೆಯಲ್ಲಿ ಕೇಳಿದ್ದೆ, ಅಂದು ಕಣ್ಣಾರೆ ಕಂಡೆ.

ಮಾಲೀಕರು ಹೋದ ಮೇಲೆ ಕುಶಾಲಪ್ಪನನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದೆ. "ನಿನ್ನ ಕಿವಿಗೆ ಎಂತ ಆಗಿತ್ತು?"

"ಎಂತ ಇಲ್ಲ" ಎಂದ. "ಪಂದ್ಯ ಕಟ್ಟಿದ್ದು ನಾನೇ. ನಿನ್ನ ಕಣ್ಣು ತಪ್ಪಿಸ್ಬೇಕಿತ್ತು. ಇದು ಹೆಂಡತಿ ಮನೆಗೆ ಗೊತ್ತಾದ್ರೆ ನಂಗೆ ಅಲ್ಲಿ ಜಾಗ ಉಂಟಾ? ನಿಂಗಾದ್ರೆ ಬೇರೆ ರೆಸಾರ್ಟ್ ಸಿಗ್ತದೆ ಮಾರಾಯ."

ನನಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ನೀರಿನ ಕೆಳಗೆ ಮಾತಿಲ್ಲ, ನಮಗಿರುವುದು ಸನ್ನೆ ಮಾತ್ರ. ಒಬ್ಬ ಕಿವಿ ತೋರಿಸಿದರೆ ನಿಜವೇ ಎಂದು ವಿಚಾರಿಸಲು ಅಲ್ಲಿ ಬಿಡುವಿಲ್ಲ, ನಂಬಲೇಬೇಕು. ಅವನು ನನ್ನ ಆ ನಂಬಿಕೆಯನ್ನೇ ಆಟದ ಸಾಮಾನು ಮಾಡಿಕೊಂಡಿದ್ದ.

ಆ ವಾರವೇ ನನ್ನ ಕೆಲಸ ಹೋಯಿತು. ಅಜಾಗರೂಕ ಎಂಬ ಹೆಸರು ನನಗಿಂತ ಮೊದಲೇ ಕರಾವಳಿಯ ಉದ್ದಕ್ಕೂ ತಲುಪಿತ್ತು, ಎಲ್ಲಿ ಕೇಳಿದರೂ ಜಾಗವಿಲ್ಲ ಎಂದರು. ರಾಮಕುಂಜಕ್ಕೆ ಮರಳಿ ಸುಮ್ಮನೆ ಕುಳಿತಿದ್ದಾಗ ಒಂದು ಮಧ್ಯಾಹ್ನ ಯೋಗೀಶ ಬಂದ. ಸೊರಗಿದ್ದ, ಆದರೆ ಗುಣವಾಗಿದ್ದ.

"ಅಣ್ಣ, ನೀವು ಇಲ್ಲದಿದ್ರೆ ನಾನು ಇರ್ತಿರ್ಲಿಲ್ಲ. ನೀವು ಹೇಳಿದ್ದು ನಂಗೆ ಸರೀ ನೆನಪುಂಟು. ಭಾವನ ಮಾತು ಕೇಳಿ ಕೆಟ್ಟೆ."

"ಇದನ್ನೇ ಮಾಲೀಕರಿಗೆ ಫೋನ್ ಮಾಡಿ ಹೇಳು" ಎಂದು ನನ್ನ ಫೋನನ್ನೇ ಮುಂದೆ ಹಿಡಿದೆ.

ಅವನು ಫೋನು ಮುಟ್ಟಲಿಲ್ಲ. "ಅಕ್ಕ ಭಾವನ ಮನೆಯಲ್ಲಿ ಬಾಳ್ಬೇಕಲ್ಲ ಅಣ್ಣ" ಎಂದ. ಕೊಟ್ಟ ಚಹಾ ಕುಡಿದು ಕೈಮುಗಿದು ಹೋದ.

ಈಗ ಬೇರೆ ಕಡಲಲ್ಲಿ ಕೆಲಸದಲ್ಲಿದ್ದೇನೆ. ಊರಿನವರು ಬಂದರೆ ಇನ್ನೊಬ್ಬ ಇನ್‌ಸ್ಟ್ರಕ್ಟರ್‌ಗೆ ಒಪ್ಪಿಸಿ ದೂರ ನಿಲ್ಲುತ್ತೇನೆ. ಮುಳುಗುವವನನ್ನು ಎತ್ತುವುದು ನನ್ನ ಕೆಲಸ, ಎತ್ತಿದ ಮೇಲೆ ಅವನು ನನ್ನ ಪರವಾಗಿ ನಿಲ್ಲುತ್ತಾನೆ ಎಂಬ ಕರಾರು ಈ ವೃತ್ತಿಯಲ್ಲಿಲ್ಲ. ಇದನ್ನು ಕಲಿತೆ. ಕಲಿತ ಮೇಲೂ, ಅವತ್ತು ಯೋಗೀಶ ಮುಟ್ಟದೆ ಬಿಟ್ಟ ಫೋನಿನ ಸಿಟ್ಟು ನನಗೆ ಇಳಿದಿಲ್ಲ.